ಲೋಕೇಂದ್ರ ಕರೆದ ಮುಯ್ಯಾಳು

ಲೋಕೇಂದ್ರ ಥಾಪಾ ಕರೆದ ಸಭೆಗೆ ಹೊಂಗೆಕೆರೆಯ ಊರಿಗೆ ಊರೇ ಬಂದಿತ್ತು. ಅವನು ಕರೆದ ಕೆಲಸಕ್ಕೆ ಮಾತ್ರ ಒಬ್ಬರೂ ಬರಲಿಲ್ಲ.

ಸಭೆ ಸೇರಿದ್ದು ಶ್ರಾವಣದ ಒಂದು ಸಂಜೆ, ಹಾಲಿನ ಡೈರಿಯ ಮುಂದೆ. ಹಾಲು ಹಾಕಲು ಬಂದವರು ಕ್ಯಾನುಗಳನ್ನು ಪಕ್ಕಕ್ಕಿಟ್ಟು ನಿಂತರು. ಲೋಕೇಂದ್ರ ತಾನೇ ಬರೆದ ನಕ್ಷೆಯನ್ನು ಗೋಡೆಗೆ ಅಂಟಿಸಿ ವಿಷಯ ಬಿಡಿಸಿ ಹೇಳಿದ. ಊರ ಕೆರೆ ತುಂಬಿ ಎಷ್ಟೋ ವರ್ಷವಾಗಿದೆ. ಮಳೆ ಇಲ್ಲದೆ ಅಲ್ಲ, ಬಿದ್ದ ಮಳೆ ಕೆರೆಗೆ ಬಾರದೆ. ಗುಡ್ಡದಿಂದ ಇಳಿಯುವ ನೀರಿಗೆ ದಾರಿಯಾಗಿದ್ದ ಹಳೇ ಕಾಲುವೆಯಲ್ಲಿ ಹೂಳು ಕೂತಿದೆ. ಹೂಳಿನ ಮೇಲೆ ಊರವರೇ ಸುರಿದ ತೆಂಗಿನ ಸಿಪ್ಪೆ ಕೂತಿದೆ. ನೀರು ಅಲ್ಲಿಯವರೆಗೂ ಬಂದು, ದಾರಿ ಕಾಣದೆ, ಪಕ್ಕದ ಹಳ್ಳ ಹಿಡಿದು ಹೋಗುತ್ತದೆ. ಇತ್ತ ಬೋರುಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿವೆ. ಈ ಸಲ ಹಸ್ತದ ಮಳೆ ಬರುವುದರೊಳಗೆ ಕಾಲುವೆ ಬಿಡಿಸದೆ ಹೋದರೆ ಬರುವ ಬೇಸಿಗೆಗೆ ತೋಟಗಳ ಗತಿ ಏನೆಂದು ಎಲ್ಲರಿಗೂ ಗೊತ್ತಿರುವುದೇ.

ಕಾಲುವೆಯ ಮೇಲಿನ ಭಾಗವನ್ನು ಅವನಾಗಲೇ ಜೆಸಿಬಿ ತಂದು ತೆಗೆಸಿದ್ದ. ಅದರ ಬಾಡಿಗೆಯನ್ನು ಯಾರನ್ನೂ ಕೇಳದೆ ತಾನೇ ಕೊಟ್ಟಿದ್ದ. ಉಳಿದದ್ದು ತೋಟಗಳ ನಡುವೆ ನುಸುಳುವ ಇಕ್ಕಟ್ಟಿನ ಭಾಗ. ಅಲ್ಲಿ ಜೆಸಿಬಿ ನುಗ್ಗಬೇಕಾದರೆ ಎರಡೂ ದಂಡೆಯ ಮರ ಕೆಡವಬೇಕು. ಫಲ ಬಿಡುವ ತೆಂಗಿನ ಮರಕ್ಕೆ ಕೊಡಲಿ ಹಾಕಲು ಈ ಸೀಮೆಯಲ್ಲಿ ಯಾರ ಕೈಯೂ ಏಳುವುದಿಲ್ಲ, ಏಳಲೂಬಾರದು. ಹಾಗಾಗಿ ಗುದ್ದಲಿ, ಮಣ್ಣು ಹೊರುವ ಮಂಕರಿ ಹಿಡಿದು ಜನವೇ ಇಳಿಯಬೇಕು. ಊರಿನ ಹಿರಿಯ ಹುಚ್ಚರಂಗಯ್ಯ ನಕ್ಷೆಯನ್ನು ಹತ್ತಿರದಿಂದ ನೋಡಿ, ಭಾನುವಾರ ಮನೆಗೊಂದಾಳು ಎಂದ. ಆಗಲಿ ಆಗಲಿ ಎಂದು ಎಲ್ಲರೂ ತಲೆಯಾಡಿಸಿದರು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಲೋಕೇಂದ್ರ ಕಾಲುವೆಯ ಬಳಿ ಇದ್ದ. ಅವನ ಹೆಂಡತಿ ಸೌಮ್ಯ, ಬಂದವರಿಗೆಲ್ಲ ಆಗಲೆಂದು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿಟ್ಟಿದ್ದಳು. ಬಿಸಿಲೇರಿತು. ಒಬ್ಬರಿಗೆ ಹಸು ತೋರಿಸಲು ಡಾಕ್ಟರ ಬಳಿ ಹೋಗಬೇಕಿತ್ತಂತೆ, ಇನ್ನೊಬ್ಬರಿಗೆ ನೊಣವಿನಕೆರೆಯಲ್ಲಿ ನಂಟರ ನಾಮಕರಣವಂತೆ. ಪಕ್ಕದ ತೋಟದ ಮಾಯಣ್ಣ ಹುಲ್ಲಿನ ಹೊರೆ ಹೇರಿಕೊಂಡು ಮೊಪೆಡ್ಡಿನಲ್ಲಿ ಬಂದವನು ಒಂದು ಗಳಿಗೆ ನಿಂತು, ಬಹಳ ಒಳ್ಳೇ ಕೆಲಸ ಎಂದು ಹೇಳಿ ಹೊರಟುಹೋದ. ಚಿತ್ರಾನ್ನವನ್ನು ಮನೆಯವರು ಮೂರು ಹೊತ್ತು ತಿಂದರು. ಮಿಕ್ಕಿದ್ದು ಹಸುವಿಗೆ ಹೋಯಿತು.

ಈ ಲೋಕೇಂದ್ರ ನೇಪಾಳದವನು. ಸ್ಯಾಂಜಾ ಎಂಬ ಬೆಟ್ಟದ ಜಿಲ್ಲೆಯ ಹಳ್ಳಿಯಿಂದ ಇಂಜಿನಿಯರಿಂಗ್ ಓದಲು ತುಮಕೂರಿಗೆ ಬಂದಿದ್ದ. ಆಗ ಅವನಿಗೆ ಬರುತ್ತಿದ್ದ ಕನ್ನಡವೆಂದರೆ 'ಊಟ ಆಯ್ತಾ' ಒಂದೇ. ಅದನ್ನೇ ಹಿಡಿದುಕೊಂಡು ಹಾಸ್ಟೆಲಿನಲ್ಲಿ ಸ್ನೇಹಿತರನ್ನು ಮಾಡಿಕೊಂಡ, ತರಗತಿಯಲ್ಲಿ ಸೌಮ್ಯಳ ಗೆಳೆತನ ಮಾಡಿಕೊಂಡ. ಸೌಮ್ಯ ಹೊಂಗೆಕೆರೆಯ ಸದಾಶಿವಯ್ಯನವರ ಒಬ್ಬಳೇ ಮಗಳು. ಲಿಂಗ ಕಟ್ಟಿದ ಮನೆಯ ಹುಡುಗಿ ದೂರದ ದೇಶದವನನ್ನು ಮದುವೆಯಾಗುತ್ತೇನೆ ಎಂದಾಗ ಎದ್ದ ಗಲಾಟೆ ಎರಡು ವರ್ಷ ನಡೆಯಿತು. ಮೊಮ್ಮಗಳು ಲಿಖಿತಾ ಹುಟ್ಟಿದ ಮೇಲೆ ತಣ್ಣಗಾಯಿತು. ಸದಾಶಿವಯ್ಯ ತೀರಿಕೊಂಡ ವರ್ಷ ಗಂಡ ಹೆಂಡತಿ ತುಮಕೂರಿನ ಬಾಡಿಗೆ ಮನೆ ಬಿಟ್ಟು, ಅತ್ತೆ ಸುವರ್ಣಮ್ಮನ ಜೊತೆ ಇರಲು ಹಳ್ಳಿಗೇ ಬಂದರು. ಸೌಮ್ಯ ತಿಪಟೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಅವನು ಅಲ್ಲೇ ಒಂದು ಸಣ್ಣ ಕಚೇರಿ ಮಾಡಿ ಮನೆ ಕಟ್ಟಿಸಿಕೊಡುತ್ತಿದ್ದ. ದುಡಿದದ್ದರಲ್ಲಿ ತಂಗಿಯ ನರ್ಸಿಂಗ್ ಓದಿಗೆ, ತಾಯಿಯ ಔಷಧಿಗೆ ಎಂದು ಊರಿಗೂ ಕಳಿಸುತ್ತಿದ್ದ.

ಹಳ್ಳಿಗೆ ಬಂದ ಹೊಸದರಲ್ಲಿ ಒಂದು ದಿನ ಟೀ ಅಂಗಡಿಯ ಹಿಂದುಗಡೆ ನಿಂತಿದ್ದಾಗ ಒಂದು ಮಾತು ಕಿವಿಗೆ ಬಿತ್ತು. "ಗೂರ್ಖಾ ಅಳಿಯ ಕಣ್ಲಾ, ಕಾವಲು ಕಾಯೋಕೆ ಬಂದವ್ನೆ. ಮಾವನ ತೋಟನೇ ಕಾಯ್ತಾನೆ, ಮಾವನ ಕೊಬ್ರಿನೇ ತಿಂತಾನೆ." ಕೂತಿದ್ದವರು ನಕ್ಕರು. ಅವನು ಕೊಳ್ಳಲು ಬಂದಿದ್ದ ಬೆಂಕಿಪೊಟ್ಟಣ ತೆಗೆದುಕೊಳ್ಳದೆ ಮನೆಗೆ ಬಂದ. ಯಾರಿಗೂ ಹೇಳಲಿಲ್ಲ. ಈ ಊರಿನಲ್ಲಿ ಯಾರ ಹಂಗಿನಲ್ಲೂ ಇರಬಾರದು ಎಂದು ಅವತ್ತೇ ಒಳಗೊಳಗೆ ತೀರ್ಮಾನ ಮಾಡಿದ.

ತೀರ್ಮಾನ ಮಾಡಿದ ಮೇಲೆ ಅದರಂತೆ ನಡೆದುಕೊಳ್ಳುವ ಜಾತಿಯ ಮನುಷ್ಯ ಅವನು. ಯಾರದ್ದೋ ಮೋಟಾರಿನ ಸ್ಟಾರ್ಟರು ಕೆಟ್ಟರೆ ಅವನೇ ಬಿಚ್ಚಿ ಸರಿಮಾಡುತ್ತಿದ್ದ. ಮನೆ ಕಟ್ಟುವವರಿಗೆ ಪುಕ್ಕಟೆ ನಕ್ಷೆ ಬರೆದುಕೊಡುತ್ತಿದ್ದ. ಹೆರಿಗೆಗೆ, ಹಾವು ಕಚ್ಚಿದ್ದಕ್ಕೆ, ಎದೆನೋವಿಗೆ ತಿಪಟೂರಿನವರೆಗೂ ಓಡುತ್ತಿದ್ದುದು ಅವನ ಕಾರು. ಇಷ್ಟಕ್ಕೆಲ್ಲ ಅವನು ಯಾರಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ. ಎಳನೀರಿನ ಗೊನೆ ತಂದಿಟ್ಟರೆ ನಗುತ್ತಲೇ ವಾಪಸು ಕಳಿಸುತ್ತಿದ್ದ. ಊಟಕ್ಕೆ ಕರೆದರೆ ಸೈಟಿನಲ್ಲಿ ಕೆಲಸವಿದೆ ಎನ್ನುತ್ತಿದ್ದ. ಊರವರು ಅವನನ್ನು ಇಂಜಿನಿಯರ್ ಸಾಹೇಬರು ಎಂದು ಕರೆಯತೊಡಗಿದರು. ಗೂರ್ಖಾ ಎಂಬ ಮಾತು ಎಲ್ಲೂ ಕೇಳಿಸಲಿಲ್ಲ. ತಾನು ಗೆದ್ದೆ ಎಂದುಕೊಂಡಿದ್ದ.

ಕೆಲಸಕ್ಕೆ ಜನ ಬಾರದ ಭಾನುವಾರದ ಮರುದಿನ ಬೆಳಗಿನಿಂದಲೇ ಅವನೊಬ್ಬನೇ ಕಾಲುವೆಗೆ ಇಳಿದ. ಬೆಟ್ಟದ ಮೈಯಲ್ಲಿ ಮೆಟ್ಟಿಲು ಕಡಿದು ಗದ್ದೆ ಮಾಡಿದ ಜನರ ಮಗ. ಅಗೆಯುವುದು ಅವನಿಗೆ ಹೊಸದಲ್ಲ. ತಿಪಟೂರಿಗೆ ಹೊರಡುವ ಮುಂಚೆ ಎರಡು ತಾಸು ಅಗೆದು, ಸ್ನಾನ ಮಾಡಿ, ಕಚೇರಿಗೆ ಹೋಗುವುದೆಂದು ನಿಯಮ ಮಾಡಿಕೊಂಡ. ಸಿಪ್ಪೆ ಮಳೆಗೆ ನೆನೆದು, ಹೂಳಿನ ಜೊತೆ ಹೆಣೆದುಕೊಂಡು, ಹಾಸಿಗೆಯ ಹಾಗೆ ಕೂತಿತ್ತು. ಗುದ್ದಲಿ ಹಾಕಿದರೆ ಪುಟಿಯುತ್ತಿತ್ತು. ಎಳೆ ಎಳೆಯಾಗಿ ಬಿಡಿಸಬೇಕು. ವಾರ ಕಳೆದರೂ ತೆಗೆದದ್ದು ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗ.

ಜನ ನೋಡಲಿಲ್ಲ ಎಂದಲ್ಲ, ಚೆನ್ನಾಗಿ ನೋಡಿದರು. ಹಾದಿಯಲ್ಲಿ ಹೋಗುವವರು ನಿಂತು, ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಹೊಗಳಿದರು. ಯಾರೋ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲೇ ಬಂತು. ಸೌಮ್ಯ ಅದನ್ನು ತೋರಿಸಿದಾಗ ಅವನಿಗೆ ಮೊದಲ ಸಲ ಸಿಟ್ಟು ಬಂತು. ಕೈ ಮುಗಿಯುವ ಕೈಗಳು ಗುದ್ದಲಿ ಯಾಕೆ ಹಿಡಿಯುವುದಿಲ್ಲ ಎಂದು ಕೇಳಿದ.

ಉತ್ತರ ಸಿಕ್ಕಿದ್ದು ಮಾಯಣ್ಣನ ಹತ್ತಿರ. ಒಂದು ಬೆಳಗ್ಗೆ ಮಾಯಣ್ಣ ತನ್ನ ತೋಟದ ಅಂಚಿನ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾ, ಲೋಕೇಂದ್ರ ಅಗೆಯುವುದನ್ನು ನೋಡುತ್ತಿದ್ದ. ವಯಸ್ಸಿನಲ್ಲಿ ಇಬ್ಬರೂ ಒಂದೇ. ಲೋಕೇಂದ್ರ ಗುದ್ದಲಿ ಒರಗಿಸಿ, ನಾನೇನು ತಪ್ಪು ಮಾಡಿದ್ದೀನಿ ಹೇಳು ಮಾಯಣ್ಣ ಎಂದು ನೇರವಾಗಿ ಕೇಳಿದ.

"ತಪ್ಪಾ? ನಿಮ್ಮಂಥೋರು ಯಾರವ್ರೆ ಸಾರ್," ಎಂದ ಮಾಯಣ್ಣ. "ನಮ್ ಮೋಟ್ರು ಸುಟ್ಟೋದಾಗ ನೀವೇ ಬಂದ್ರಿ. ನಮ್ಮವ್ವುಂಗೆ ಉಸಿರು ಕಟ್ದಾಗ ನೀವೇ ಕಾರು ತಂದ್ರಿ."

"ಹಂಗಾದ್ರೆ ನೀನು ಯಾಕೆ ಬರಲಿಲ್ಲ?"

ಮಾಯಣ್ಣ ಎಲೆಯ ರಸ ಉಗಿದು ಬಂದು ಮತ್ತೆ ಕೂತ. ಹೇಳಲೋ ಬೇಡವೋ ಎಂದು ನೋಡುವವನ ಹಾಗಿತ್ತು ಅವನ ಮುಖ.

"ಸದಾಶಿವಯ್ಯನೋರ ಅಟ್ಟದ ಕಾಯಿ ಇಳಿಸೋಕೆ, ಸುಲಿಯೋಕೆ, ನಮ್ಮಪ್ಪನ ಕಾಲದಿಂದ ನಾವು ಮುಯ್ಯಾಳು ಬತ್ತಿದ್ವಿ. ನಮ್ಮನೇದಕ್ಕೆ ಅವ್ರು ಬರೋರು. ನೀವು ಬಂದ ವರ್ಷ ತಿಪಟೂರಿಂದ ಟೆಂಪೋದಾಗೆ ಕೂಲಿಯೋರು ಬಂದ್ರು. ಅವತ್ತು ನಮ್ಮವ್ವ ಸೆರಗು ಸಿಕ್ಕುಸ್ಕೊಂಡು, ಮಚ್ಚು ಹಿಡ್ಕೊಂಡು ಹೊರಟಿದ್ದೋಳು, ಟೆಂಪೋ ನೋಡಿ ಬಾಗ್ಲಲ್ಲೇ ನಿಂತ್ಬುಟ್ಲು. ನಮ್ಮ ಆಳು ನಿಮಗೆ ಬ್ಯಾಡ, ನಮ್ಮನೆ ಅನ್ನ ನಿಮಗೆ ಬ್ಯಾಡ. ಕೊಡೋದು ಮಾತ್ರ ನೀವು ಕೊಡ್ತೀರ. ಬರೀ ಈಸ್ಕೊಳೋನು ಏನ್ ಮಾಡ್ತಾನೆ ಹೇಳಿ ಸಾರ್, ಕೈ ಕಟ್ಕೊಂಡು ನಿಂತ್ಕೋತಾನೆ. ನಿಂತಿದ್ದೀವಿ. ಇದೂ ಸಾಹೇಬ್ರೇ ಮಾಡ್ಬುಡ್ತಾರೆ ಬುಡು ಅಂತ ಎಲ್ರೂ ಅಂದ್ಕೊಂಡವ್ರೆ."

ಲೋಕೇಂದ್ರ ಅಂದಿನ ಅಗೆತವನ್ನು ಅಲ್ಲಿಗೇ ನಿಲ್ಲಿಸಿದ. ಗುದ್ದಲಿ ಹೆಗಲಿಗೇರಿಸಿ ಮನೆಗೆ ಬಂದ.

ಈ ಸೀಮೆಯಲ್ಲಿ ಕಾಯಿ ಕೊಬ್ಬರಿಯಾಗಬೇಕಾದರೆ ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲಿರಬೇಕು. ಒಳಗಿನ ನೀರು ಇಂಗಿ, ಗಿಟುಕು ಎನ್ನುವ ಒಣ ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಮೇಲೆ ಇಳಿಸಿ, ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಹೊಡೆದು ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಒಡೆಯದ ಹಾಗೆ ತೆಗೆಯಬೇಕು. ಮೋಡ ಕವಿಯುವುದರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಇವತ್ತು ನಿನ್ನ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀನು. ಅದೇ ಮುಯ್ಯಾಳು. ಲೋಕೇಂದ್ರ ಬಂದ ವರ್ಷ ಅತ್ತೆಗೆ ತೊಂದರೆಯಾಗಬಾರದು, ಗಂಡ ಸತ್ತ ದುಃಖದಲ್ಲಿ ಹತ್ತು ಜನಕ್ಕೆ ಅಡುಗೆ ಮಾಡಿಕೊಂಡು ಕೂರಬಾರದು ಎಂದು ಕೂಲಿಯವರನ್ನು ಕರೆಸಿದ್ದ. ಆಮೇಲೆ ಅದೇ ರೂಢಿಯಾಯಿತು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದ. ಸುವರ್ಣಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನನಗೆ ಸುಸ್ತಾಗಬಾರ್ದು ಅಂತ ಅಷ್ಟು ಅಕ್ಕರೆಯಿಂದ ಮಾಡುಸ್ತಿದ್ರಿ ಅಳಿಯಂದ್ರೇ. ಹೆಂಗೆ ಬಾಯಿ ಬಿಡ್ಲಿ. ಚಿಕ್ಕಗಂಗಮ್ಮ ಈಗ್ಲೂ ನನ್ನ ಕಂಡ್ರೆ ಮಾತಾಡ್ತಾಳೆ, ನಗ್ತಾಳೆ. ಆದ್ರೆ ಹಿತ್ಲ ಬಾಗ್ಲಿಂದ ಒಳಕ್ಕೆ ಬರೋದು ಬಿಟ್ಟವ್ಳೆ."

ಚಿಕ್ಕಗಂಗಮ್ಮ ಎಂದರೆ ಮಾಯಣ್ಣನ ತಾಯಿ.

ಆ ಸಂಜೆ ಲೋಕೇಂದ್ರ ತನ್ನ ತಾಯಿಗೆ ಫೋನ್ ಮಾಡಿದ. ಅಲ್ಲೂ ರಾಗಿಯದೇ ಕಾಲ. ಮೆಟ್ಟಿಲು ಗದ್ದೆಯಲ್ಲಿ ಪೈರು ನಾಟಿ ಮುಗಿಸಿದ ಸುದ್ದಿಯನ್ನು ತಾಯಿ ವಿವರವಾಗಿ ಹೇಳಿದಳು. ಗಂಡುಮಕ್ಕಳು ಅರ್ಧಕ್ಕರ್ಧ ಊರು ಬಿಟ್ಟಿದ್ದರೂ ಎಲ್ಲ ಮನೆಯಿಂದ ಹೆಂಗಸರು ಬಂದಿದ್ದರಂತೆ. ತನಗೆ ಬಗ್ಗಲಾಗದಿದ್ದರೂ ಅವರ ಗದ್ದೆಗೆ ಹೋಗಿ ಪೈರಿನ ಕಂತೆ ಎತ್ತಿಕೊಟ್ಟು ಬಂದಳಂತೆ. ಅಲ್ಲಿ ಅದಕ್ಕೆ ಪರ್ಮ ಎನ್ನುತ್ತಾರೆ. ಹುಡುಗನಾಗಿದ್ದಾಗ ತಾನೇ ಎಷ್ಟು ಗದ್ದೆಗಳಿಗೆ ಪರ್ಮಕ್ಕೆ ಹೋಗಿದ್ದೆ ಎಂಬುದು ಲೋಕೇಂದ್ರನಿಗೆ ಇದ್ದಕ್ಕಿದ್ದಂತೆ ನೆನಪಾಗಿ, ತನ್ನ ದಡ್ಡತನಕ್ಕೆ ತನಗೇ ನಾಚಿಕೆಯಾಯಿತು. ಪರ್ಮಕ್ಕೆ ಯಾರನ್ನೂ ಕರೆಯದ ಮನೆ ಅಲ್ಲಿ ಇದೆಯೇ ಎಂದು ಕೇಳಿದ. ಒಂದಿದೆ, ಪಿಂಚಣಿ ಬರುವ ಸುಬೇದಾರನದು, ಕೂಲಿ ಕೊಟ್ಟೇ ಎಲ್ಲ ಮಾಡಿಸುತ್ತಾನೆ ಎಂದಳು ತಾಯಿ. ಜನ ಅವನನ್ನು ಹೇಗೆ ನೋಡುತ್ತಾರೆ ಎಂದ. ಬಹಳ ಮರ್ಯಾದೆ ಕೊಡುತ್ತಾರೆ, ದಾರಿಯಿಂದಲೇ ಕೈ ಮುಗಿಯುತ್ತಾರೆ, ಅಂಗಳಕ್ಕೆ ಮಾತ್ರ ಯಾರೂ ಕಾಲಿಡುವುದಿಲ್ಲ ಎಂದಳು.

ಮರುದಿನ ಅವನು ತಿಪಟೂರಿನ ಟೆಂಪೋದವನಿಗೆ ಈ ವರ್ಷ ಬರುವುದು ಬೇಡ ಎಂದು ಹೇಳಿದ. ಮನೆಯ ಅಟ್ಟದ ಕಾಯಿ ಇಳಿಸುವ ಹದಕ್ಕೆ ಬಂದಿತ್ತು. ಸೌಮ್ಯ ಲೆಕ್ಕ ಬಲ್ಲವಳು. "ಮುಯ್ಯಾಳು ಕರೆದ್ರೆ ಆಮೇಲೆ ಒಂದೊಂದು ಮನೆಗೂ ನೀವು ತೀರಿಸ್ಬೇಕು ಕಣ್ರೀ. ಹಸ್ತದ ಮಳೆ ಹೊಸ್ತಿಲಲ್ಲಿದೆ. ಕಾಲುವೆ ಯಾವಾಗ ಅಗೆಯೋದು?" ಎಂದಳು. ಅವನಿಗೂ ಅದೇ ಚಿಂತೆ. ಆದರೂ ಹೋಗುತ್ತೇನೆ ಎಂದ. ಇನ್ನೂ ಒಂದು ಮಾತು ಹೇಳಿದ: ಮುಯ್ಯಾಳು ಕರೆಯುವಾಗ ಕಾಲುವೆಯ ಸುದ್ದಿ ಎತ್ತುವುದಿಲ್ಲ. ಎತ್ತಿದರೆ ಅದು ವ್ಯಾಪಾರವಾಗುತ್ತದೆ. ಬಾಗಿಲಲ್ಲಿ ನಿಂತುಹೋದವಳನ್ನು ಒಳಕ್ಕೆ ಕರೆಯುವುದಕ್ಕೆ ಬೆಲೆ ಕಟ್ಟಿದ ಹಾಗಾಗುತ್ತದೆ.

ಮೊದಲು ಹೋದದ್ದು ಚಿಕ್ಕಗಂಗಮ್ಮನ ಮನೆಗೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಶನಿವಾರ ನಮ್ಮ ಅಟ್ಟದ ಕಾಯಿ ಇಳಿಸುತ್ತೀವಿ, ಮುಯ್ಯಾಳು ಬರಬೇಕು ಎಂದ. ಅವಳು ಕಡ್ಡಿಯಿಂದ ಕಣ್ಣೆತ್ತಲಿಲ್ಲ.

"ಯಾಕಪ್ಪ, ಟೆಂಪೋ ಕೆಟ್ಟೋಯ್ತಾ?"

"ಟೆಂಪೋ ಬರಲ್ಲಮ್ಮ. ನೀವು ಬರಬೇಕು."

"ಮುಯ್ಯಾಳು ಅಂದ್ರೆ ಏನು ಅಂತ ಗೊತ್ತೇನಪ್ಪ ನಿಂಗೆ? ನಾನು ಬಂದಂಗೆ ನೀನು ಬರ್ಬೇಕು. ದುಡ್ಡು ಕೊಡೋಂಗಿಲ್ಲ. ನಿನ್ನ ಬದ್ಲಿಗೆ ಇನ್ನೊಬ್ನ ಕಳ್ಸೋಂಗಿಲ್ಲ. ಸೈಟ್ನಾಗೆ ಕೆಲ್ಸ ಐತೆ ಅನ್ನೋಂಗಿಲ್ಲ. ನಾವಿಕ್ಕಿದ್ ಮುದ್ದೆ ಉಣ್ಬೇಕು."

"ನಾನೇ ಬರ್ತೀನಿ. ಉಣ್ತೀನಿ."

"ಸುಲಿಯೋಕೆ ಬತ್ತದಾ?"

"ಬರಲ್ಲ. ಕಲೀತೀನಿ."

ಅವಳು ಆಗ ತಲೆ ಎತ್ತಿ ಅವನನ್ನು ಚೆನ್ನಾಗಿ ನೋಡಿದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಅವನು ಮುಂದಿನ ಮನೆಗೆ ಹೋದ. ಅಲ್ಲಿಂದ ಅದರ ಮುಂದಿನದಕ್ಕೆ. ಹುಚ್ಚರಂಗಯ್ಯ ಗಡ್ಡ ಕೆರೆದುಕೊಂಡು, ನೋಡೋಣ ಎಂದಷ್ಟೇ ಹೇಳಿದ. ಆಗಲಿ ಆಗಲಿ ಎಂದು ಯಾರೂ ತಲೆಯಾಡಿಸಲಿಲ್ಲ. ಲೋಕೇಂದ್ರನಿಗೆ ಅದೇ ಸ್ವಲ್ಪ ಧೈರ್ಯ ಕೊಟ್ಟಿತು.

ಶನಿವಾರ ಬೆಳಗ್ಗೆ ಅವನು ಅಂಗಳದಲ್ಲಿ ಹಾರೆಗಳನ್ನು ನೆಟ್ಟು ಬೀದಿಯ ಕಡೆ ಕಣ್ಣು ಹಾಕಿಕೊಂಡು ನಿಂತಿದ್ದ. ಬೀದಿಯ ಬಾಗಿಲಿನಲ್ಲಿ ಯಾರೂ ಕಾಣಲಿಲ್ಲ. ಹಿತ್ತಲಲ್ಲಿ ಬಳೆ ಸದ್ದಾಯಿತು. ಚಿಕ್ಕಗಂಗಮ್ಮ ಸೆರಗು ಸಿಕ್ಕಿಸಿಕೊಂಡು, ಮಚ್ಚು ಹಿಡಿದು, ಯಾರನ್ನೂ ಕೇಳದೆ ಅಡುಗೆಮನೆ ಹಾದು ಅಂಗಳಕ್ಕೆ ಬಂದು, ಚಿಪ್ಪು ಒಡೆಯುವ ಕಲ್ಲು ಎಲ್ಲಿ ಎಂದಳು. ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಸುವರ್ಣಮ್ಮ ಒಲೆಯ ಮುಂದೆ ಹೋದವಳು ಸ್ವಲ್ಪ ಹೊತ್ತು ಈಚೆಗೇ ಬರಲಿಲ್ಲ.

ಮಾಯಣ್ಣ ಅಟ್ಟ ಹತ್ತಿ ಕಾಯಿ ಉರುಳಿಸಿದ. ವರ್ಷವಿಡೀ ಹೊಗೆ ಕುಡಿದ ಕಾಯಿಗಳು ಅಂಗಳಕ್ಕೆ ದಬದಬ ಬಿದ್ದವು. ಗಂಡಸರು ಹಾರೆಗಳ ಮುಂದೆ ನಿಂತು ಸುಲಿದು ಎಸೆದರು, ಹೆಂಗಸರು ಚಿಪ್ಪು ಒಡೆದು ಗಿಟುಕು ಬಿಡಿಸಿದರು. ಕಾಲೇಜಿಗೆ ರಜೆ ಹಾಕಿದ ಸೌಮ್ಯ ಚಿಕ್ಕಗಂಗಮ್ಮನ ಪಕ್ಕ ಕೂತು, ಚಿಕ್ಕಂದಿನಲ್ಲಿ ಕಲಿತದ್ದು ಕೈಗೆ ಮರಳುತ್ತದೆಯೇ ಎಂದು ನೋಡಿಕೊಂಡಳು. ಲೋಕೇಂದ್ರ ಒಂದು ಹಾರೆ ಹಿಡಿದ. ಅವನು ಕಾಯಿಯನ್ನು ಮೊನೆಗೆ ಹೊಡೆದರೆ ಅದು ಜಾರುತ್ತಿತ್ತು. ಇಲ್ಲವೇ ಕಚ್ಚಿಕೊಂಡು ಈಚೆಗೆ ಬರುತ್ತಿರಲಿಲ್ಲ. ಒಂದು ಕಾಯಿ ಅವನ ಕೈ ಬಿಟ್ಟು ಹುಚ್ಚರಂಗಯ್ಯನ ಕಾಲಬುಡಕ್ಕೆ ಹೋಗಿ ನಿಂತಿತು.

"ನಿಮ್ಮ ದೇಶ್ದಾಗೆ ತೆಂಗಿನಮರ ಇಲ್ವೇನ್ಲಾ ಲೋಕಣ್ಣ?" ಎಂದ ಮುದುಕ.

"ನಮ್ಮ ಬೆಟ್ಟದ ಮೇಲೆ ಇಲ್ಲ ಕಣಜ್ಜ. ಮೇಲೆ ಹೋದ್ರೆ ಹಿಮ ಐತೆ."

"ಅದ್ನೇ ಸುಲಿದು ಅಭ್ಯಾಸ ಆಗೈತೆ ಬುಡು," ಎಂದ ಮಾಯಣ್ಣ ಅಟ್ಟದ ಮೇಲಿನಿಂದ. ಅಂಗಳ ನಕ್ಕಿತು. ಲೋಕೇಂದ್ರನೂ ನಕ್ಕ. ಅವನ ಬಗ್ಗೆ ಅವನ ಎದುರಿಗೇ ಯಾರಾದರೂ ನಕ್ಕದ್ದು ಈ ಊರಿನಲ್ಲಿ ಅದೇ ಮೊದಲು.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು, ಪಾಯಸ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದರಿಂದ ಲೋಕೇಂದ್ರ ಎಡಗೈಯಲ್ಲಿ ಲೋಟ ಹಿಡಿದು, ಬಲಗೈ ಬೆರಳ ತುದಿಯಲ್ಲಿ ಮುದ್ದೆ ಮುರಿದು ಉಂಡ. ಕತ್ತಲಾಗುವ ಮೊದಲು ಕೊಬ್ಬರಿಯೆಲ್ಲ ಒಳಗೆ ಸೇರಿತು. ಜನ ಹೊರಡುವಾಗ ಅಭ್ಯಾಸಬಲದಿಂದ ಅವನ ಕೈ ಜೇಬಿಗೆ ಹೋಯಿತು. ಸೌಮ್ಯ ಅವನನ್ನು ನೋಡಿದಳು. ಅವನು ಕೈಯನ್ನು ಬರಿದಾಗಿಯೇ ಈಚೆಗೆ ತೆಗೆದು, ಹೋಗಿ ಬನ್ನಿ ಎಂದ.

ಆಮೇಲೆ ಸುಲಿಯುವ ಸರದಿ ಅವನದು. ಕಚೇರಿಯ ಕೆಲಸವನ್ನು ಮಧ್ಯಾಹ್ನಕ್ಕೆ ತಳ್ಳಿ, ಕಟ್ಟಡದ ಮೇಸ್ತ್ರಿಗೆ ಫೋನಿನಲ್ಲೇ ಹೇಳಿ, ಬೆಳಗ್ಗೆ ಒಂದೊಂದು ಮನೆಗೆ ಹೋದ. ಕೆಲವರ ಮನೆಯಲ್ಲಿ ಇಡೀ ದಿನ. ಅಂಗೈಯ ಬೊಬ್ಬೆ ಒಡೆದು, ಮೇಲೆ ಚರ್ಮ ಬಂದು, ಅದೂ ಗಟ್ಟಿಯಾಯಿತು. ಕಾಯಿಯನ್ನು ಎಲ್ಲಿ ಹೊಡೆಯಬೇಕು, ಯಾವಾಗ ತಿರುಚಬೇಕು ಎಂಬುದು ಕೈಗೆ ಬಂತು. ವೇಗ ಮಾತ್ರ ಬರಲಿಲ್ಲ. ಅವನ ರಾಶಿ ಯಾವಾಗಲೂ ಎಲ್ಲರದಕ್ಕಿಂತ ಚಿಕ್ಕದು, ಅದರ ಮೇಲೆ ದಿನಕ್ಕೊಂದು ತಮಾಷೆ. ಹೊತ್ತು ಮೀರಿದರೂ ತನ್ನ ಪಾಲಿನದನ್ನು ಮುಗಿಸದೆ ಅವನು ಮೇಲೇಳುತ್ತಿರಲಿಲ್ಲ. ಇತ್ತ ಕಾಲುವೆಗೆ ಹೋಗುವುದು ನಿಂತುಹೋಯಿತು. ಅಗೆದಿಟ್ಟ ಜಾಗದಲ್ಲಿ ಹುಲ್ಲು ಮತ್ತೆ ತಲೆ ಎತ್ತಿತು.

ಹುಚ್ಚರಂಗಯ್ಯನ ಮನೆಯ ಸರದಿಯ ದಿನ ಮಧ್ಯಾಹ್ನದ ಮೇಲೆ ಗುಡ್ಡದ ಕಡೆ ಗುಡುಗಿತು. ಹಸ್ತಕ್ಕೆ ಮೊದಲು ಬರುವ ಉತ್ತರೆಯ ಕಡೇ ಮಳೆ. ಅಂಗಳದಲ್ಲಿ ನಾಲ್ಕು ಹನಿ ಬಿದ್ದು ನಿಂತಿತು, ಗುಡ್ಡದ ಮೇಲೆ ಮಾತ್ರ ಮೋಡ ಕಪ್ಪಾಗಿ ಕೂತಿತ್ತು. ಅಲ್ಲಿ ಬೀಳುವ ನೀರು ಈಗ ಏನು ಮಾಡುತ್ತದೆ ಎಂದು ಲೋಕೇಂದ್ರನಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಜೆಸಿಬಿ ತೋಡಿದ ದಾರಿಯಲ್ಲಿ ಓಡಿ ಬಂದು, ಸಿಪ್ಪೆಯ ಗುಡ್ಡೆಗೆ ಮುಖ ಕೊಟ್ಟು, ಹಳ್ಳಕ್ಕೆ ತಿರುಗುತ್ತದೆ. ಅವನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಹುಚ್ಚರಂಗಯ್ಯ ಅವನನ್ನೂ ನೋಡಿದ, ಗುಡ್ಡವನ್ನೂ ನೋಡಿದ.

"ಹೋಗೋದಿದ್ರೆ ಹೋಗು ಕಣಪ್ಪ."

"ನಿಮ್ಮ ಕಾಯಿ ಮುಗೀಲಿ ಅಜ್ಜ," ಎಂದು ಅವನು ಕಾಯಿಯನ್ನು ಹಾರೆಗೆ ಹೊಡೆದ.

ಸಂಜೆ ರಾಶಿ ಮುಗಿದು, ಹಾರೆ ಕಿತ್ತು, ಎಲ್ಲರೂ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಹುಚ್ಚರಂಗಯ್ಯ ಲೋಟ ಕೆಳಗಿಟ್ಟು ಮಾಯಣ್ಣನ ಕಡೆ ತಿರುಗಿದ.

"ನಾಳೆ ಯಾರ ಮನೇದ್ಲಾ ಮುಯ್ಯಾಳು?"

ಮಾಯಣ್ಣ ಬೆರಳು ಮಡಚಿ ನೋಡಿ, ನಾಳೆ ಯಾರದೂ ಇಲ್ಲ, ಉಳಿದವರ ಕಾಯಿ ಇನ್ನೂ ಹದಕ್ಕೆ ಬಂದಿಲ್ಲ ಎಂದ.

"ಹಂಗಾರೆ ನಾಳೆ ಕಾಲುವೇದು," ಎಂದ ಹುಚ್ಚರಂಗಯ್ಯ, ಕಾಲುವೆಯೂ ಊರಿನ ಒಂದು ಮನೆಯೆಂಬ ಹಾಗೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಎಷ್ಟು ಹೊತ್ತಿಗೆ ಬರಬೇಕು, ಯಾರ ಮನೆಯಲ್ಲಿ ಮಂಕರಿ ಜಾಸ್ತಿ ಇದೆ ಎಂಬ ಮಾತಿಗೆ ಹೋದರು. ಲೋಕೇಂದ್ರ ಕಾಫಿಯ ಲೋಟದೊಳಗೆ ನೋಡುತ್ತಾ ಕೂತಿದ್ದ. ಅಷ್ಟು ಜನರ ಮುಂದೆ ಕಣ್ಣು ಒರೆಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

ಕಾಲುವೆಯ ಕೆಲಸ ಸಲೀಸಾಗಿ ನಡೆಯಿತೆಂದೇನೂ ಇಲ್ಲ. ಈ ಸಿಪ್ಪೆ ಯಾರದ್ದು, ಸುರಿದವರೇ ಎತ್ತಲಿ ಎಂದು ಮೊದಲ ದಿನವೇ ಜಗಳವಾಯಿತು. ನಿನ್ನ ಸಿಪ್ಪೆಗೆ ಹೆಸರು ಬರೆದಿದ್ದೀಯಾ ಎಂದು ಚಿಕ್ಕಗಂಗಮ್ಮ ಗದರಿದ ಮೇಲೆ ನಿಂತಿತು. ಮಾಯಣ್ಣನ ಬೇಲಿ ಕಾಲುವೆಯೊಳಕ್ಕೆ ಮೊಳದಷ್ಟು ಬಂದಿತ್ತು. ಅವನು ಮೊದಲು ಇಲ್ಲ ಎಂದ, ಲೋಕೇಂದ್ರ ಹಗ್ಗ ಹಿಡಿದು ತೋರಿಸಿದ ಮೇಲೆ ಗೊಣಗಿದ, ಮರುದಿನ ಬೆಳಗ್ಗೆ ಬಂದು ನೋಡಿದರೆ ಬೇಲಿ ಹಿಂದಕ್ಕೆ ಹೋಗಿತ್ತು. ಕೆಲವರು ದಿನವೂ ಬಂದರು, ಕೆಲವರು ಒಂದು ದಿನ ಬಂದು ಸೊಂಟ ಹಿಡಿದುಕೊಂಡರು. ಲೋಕೇಂದ್ರ ತೆಂಗಿನ ಬೇರು ಕಡಿಯದ ಹಾಗೆ ಎಲ್ಲೆಲ್ಲಿ ತಿರುವು ಕೊಡಬೇಕು ಎಂದು ಗೂಟ ಹೊಡೆದು, ಇಳಿಜಾರು ತಪ್ಪದ ಹಾಗೆ ಅಳೆಯುತ್ತಾ, ನಡುನಡುವೆ ತಾನೂ ಮಣ್ಣು ಹೊರುತ್ತಾ ಆ ತುದಿಯಿಂದ ಈ ತುದಿಗೆ ಓಡಾಡಿದ. ಆಳ ಸಾಲದು ಎಂದು ಅವನು ಹೇಳಿದ ಕಡೆ ಮಾತಿಲ್ಲದೆ ಮತ್ತೆ ಅಗೆದರು. ಗುದ್ದಲಿಯ ಕೆಲಸದಲ್ಲಿ ಅವನು ಯಾರಿಗೂ ಹಿಂದೆ ಬೀಳಲಿಲ್ಲ. ಆ ವಿಷಯಕ್ಕೆ ತಮಾಷೆ ಮಾಡಲು ಯಾರಿಗೂ ಏನೂ ಸಿಗಲಿಲ್ಲ.

ಕೆರೆಯ ಕಡೆಯ ಕೊನೆಯ ತುಂಡು ಉಳಿದಿತ್ತು. ಅಂದು ಮಧ್ಯಾಹ್ನವೇ ಹಸ್ತದ ಮಳೆ ಹಿಡಿಯಿತು. ಹನಿ ದಪ್ಪಗಿತ್ತು. ಹೆಂಗಸರು ಮಂಕರಿ ತಲೆಯ ಮೇಲೆ ಬೋರಲು ಹಾಕಿಕೊಂಡು ಮರದಡಿ ನಿಂತರು. ಮೇಲಿನಿಂದ ನೀರು ಬರುವುದರೊಳಗೆ ಈ ತುಂಡು ತೆಗೆಯದಿದ್ದರೆ, ನುಗ್ಗಿ ಬಂದ ನೀರು ಇಲ್ಲಿ ತಡೆದು ಮಾಯಣ್ಣನ ತೋಟಕ್ಕೆ ತಿರುಗಿ, ಹೊಸ ದಂಡೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ ಎಂದು ಲೋಕೇಂದ್ರನಿಗೆ ಗೊತ್ತಿತ್ತು. ಅವನು ಅಂಗಿ ಬಿಚ್ಚಿ ಕೊಂಬೆಗೆ ಹಾಕಿ ಇಳಿದ. ಮಾಯಣ್ಣ ಇಳಿದ. ಮರದಡಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿ, ಮಂಕರಿ ನೆಟ್ಟಗೆ ಮಾಡಿಕೊಂಡು ಮತ್ತೆ ಬಂದರು. ಕೆಸರು ಗುದ್ದಲಿಗೆ ಅಂಟಿ ಬರುತ್ತಿತ್ತು. ಹೆಂಗಸರು ಮಂಕರಿ ಬಿಟ್ಟು ಕೈಯಲ್ಲೇ ಬಾಚಿ ದಂಡೆಗೆ ಎಸೆದರು. ಹುಚ್ಚರಂಗಯ್ಯ ಮೇಲೆ ನಿಂತು, ತಲೆಗೆ ಗೊಬ್ಬರದ ಚೀಲ ಹೊದ್ದು, ನೀರು ಬರುವ ಕಡೆಗೆ ಕಣ್ಣು ನೆಟ್ಟಿದ್ದ. ಕೊನೆಗೆ ಅವನು ಕೈ ಎತ್ತಿದ. ಎಲ್ಲರೂ ದಂಡೆ ಹತ್ತಿದರು. ಲೋಕೇಂದ್ರ ಕೊನೆಯ ಹೆಂಟೆಯನ್ನು ಕಾಲಿನಿಂದ ಒದ್ದು ಪಕ್ಕಕ್ಕೆ ತಳ್ಳಿದ. ಮಾಯಣ್ಣ ಅವನ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡ.

ನೀರು ಬಂತು. ಮೊದಲು ನಾರು, ಒಣ ಎಲೆ, ನೊರೆ ತಳ್ಳಿಕೊಂಡು ಮೆಲ್ಲಗೆ. ಅದರ ಹಿಂದೆ ಕೆಂಪಗೆ, ದಪ್ಪಗೆ. ತಿರುವಿನಲ್ಲಿ ಒಮ್ಮೆ ದಂಡೆಗೆ ಬಡಿದು, ಬೇರುಗಳ ಪಕ್ಕದಿಂದ ಬಳಸಿ, ಇಕ್ಕಟ್ಟಿನ ಜಾಗ ದಾಟಿ ಕೆರೆಯ ಕಡೆ ಇಳಿಯಿತು. ಚಿಕ್ಕಗಂಗಮ್ಮ ಬಗ್ಗಿ ಒಂದು ಬೊಗಸೆ ನೀರೆತ್ತಿ, ಮುಖ ತೊಳೆದುಕೊಂಡಳು.

ಇಡೀ ರಾತ್ರಿ ಮಳೆ ಹೊಯ್ದು ಬೆಳಗ್ಗೆ ಹೊಳವಾಯಿತು. ಊರ ಜನವೆಲ್ಲ ಕೆರೆ ಏರಿಯ ಮೇಲೆ ಸೇರಿತ್ತು. ಸುವರ್ಣಮ್ಮ ಮೊಮ್ಮಗಳನ್ನು ಕರೆದುಕೊಂಡು ಆಗಲೇ ಹೋಗಿದ್ದಳು, ಸೌಮ್ಯ ಅವರ ಹಿಂದೆ. ರಾತ್ರಿ ಕಾಲುವೆಯ ದಂಡೆ ನೋಡಿ ನೋಡಿ ತಡವಾಗಿ ಮಲಗಿದ ಲೋಕೇಂದ್ರ ಎದ್ದು, ಮುಖಕ್ಕೆ ನೀರು ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಚಿಕ್ಕಗಂಗಮ್ಮ ಬಂದಳು.

"ಎಲ್ಲಿಗಪ್ಪ ಹೊರಟೆ? ಇವತ್ತು ನಮ್ಮನೇದು."

"ಕೆರೆ ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಮ್ಮ."

"ನೀರು ಎದ್ದು ಓಡೋಗಲ್ಲ, ಸಂಜೆ ನೋಡು. ಮತ್ತೆ ಮೋಡ ಆಗೋದ್ರೊಳಗೆ ಕಾಯಿ ಸುಲಿದು ಒಳಕ್ಕೆ ಹಾಕ್ಬೇಕು. ನೀನು ಒಂದು ಸುಲಿಯೋ ಹೊತ್ಗೆ ಮಿಕ್ಕೋರು ಮೂರು ಸುಲೀತಾರೆ, ಈಗ್ಲೇ ಬಂದ್ರೆ ಸರಿಹೋಯ್ತದೆ."

ಅವನು ಹಾರೆ ಹೆಗಲ ಮೇಲಿಟ್ಟುಕೊಂಡು ಅವಳ ಹಿಂದೆ ಹೋದ. ಅಂಗಳದಲ್ಲಿ ಮಾಯಣ್ಣ ಆಗಲೇ ಶುರುಮಾಡಿದ್ದ. ಸ್ವಲ್ಪ ಹೊತ್ತಿಗೆ ಏರಿಯ ಮೇಲಿನಿಂದ ಸೌಮ್ಯ ಫೋನ್ ಮಾಡಿ, ನೀರು ಎಲ್ಲಿಯವರೆಗೆ ಬಂದಿದೆ ಎಂದು ಹೇಳತೊಡಗಿದಳು. ಕೆರೆಯಂಗಳದಲ್ಲಿ ಬೆಂಡಾಗಿ ನಿಂತಿದ್ದ ಹಳೇ ಜಾಲಿಮರದ ಬುಡ ಮುಳುಗಿದೆಯಂತೆ, ಇನ್ನೂ ಬರುತ್ತಲೇ ಇದೆಯಂತೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. ಆಮೇಲೆ, ಕೈ ಬಿಡುವಿಲ್ಲ, ಸಂಜೆ ಬಂದು ನೋಡ್ತೀನಿ ಎಂದು ಹೇಳಿ, ಫೋನನ್ನು ಜಗಲಿಯ ಮೇಲಿಟ್ಟು, ಮುಂದಿನ ಕಾಯಿ ಎತ್ತಿಕೊಂಡ.